ಗೋಡೆಯ ಗೂಡಿನಲ್ಲಿ ಉಳಿದ ಮಾತ್ರೆ

*ಇಂದಿನ ಧಮ್ಮ ಚಿಂತನೆ*



ಕಳೆದ ಭಾನುವಾರ ನಮ್ಮ ಓಣಿಯ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಕಾಲೇಜಿಗೆ ಹೋಗುವ ಹುಡುಗನೊಬ್ಬ ಕೇಳಿದ: “ಸರ್, ಪಟಿಚ್ಚಸಮುಪ್ಪಾದದ ಹನ್ನೆರಡು ಕೊಂಡಿ ನಮಗ ಬಾಯಿಪಾಠ ಬರ್ತಾವ. ಆದ್ರ ಅದರಿಂದ ದಿನದ ಬಾಳ್ವಿಗಿ ಏನ್ ಉಪಯೋಗ ಹೇಳ್ರಿ.” ಆವತ್ತು ಅಲ್ಲಿ ಏನೋ ಒಂದು ಉತ್ತರ ಕೊಟ್ಟೆ. ಮನೆಗೆ ಬಂದ ಮೇಲೆ ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಇವತ್ತು ಸರಿಯಾದ ಉತ್ತರ ಬರೆಯುತ್ತಿದ್ದೇನೆ. ಅದಕ್ಕೆ ನನ್ನ ಅವ್ವನ ಕಾಲಿನಿಂದ ಶುರು ಮಾಡಬೇಕು. ನನ್ನದೇ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು.

ನನ್ನ ಅವ್ವ ಶಹಾಬಾದ ಕಡೆ ಪರ್ಸಿ ಕಲ್ಲಿನ ಗಣಿಯಲ್ಲಿ ಕೂಲಿ ಮಾಡಿದವಳು. ಆಮೇಲೆ ಚಿತ್ತಾಪುರಕ್ಕೆ ಬಂದು ತೊಗರಿ ಹೊಲದಲ್ಲಿ ದುಡಿದಳು. ನಾನು ಐದನೇ ಇಯತ್ತೆ ಇದ್ದಾಗ ಅವಳ ಎಡಗಾಲು ಬಾಯಲು ಶುರುವಾಯಿತು. ಮೊದಲು ವರ್ಷಕ್ಕೆರಡು ಸಲ ಚಳಿಜ್ವರ ಬಂದು ಕಾಲು ಕೆಂಪಾಗುತ್ತಿತ್ತು, ಇಳಿಯುತ್ತಿತ್ತು. ಮುಂದೆ ಇಳಿಯುವುದೇ ನಿಂತಿತು. ಕಾಲಿನ ಚರ್ಮ ಒಣ ಕೆರೆಯಂತೆ ಬಿರಿಯಿತು. ಕಾಲುಂಗುರ ಕತ್ತರಿಸಿ ತೆಗೆಸಿದೆವು. ಚಪ್ಪಲಿ ಹಿಡಿಸದೆ ಬರಿಗಾಲಲ್ಲೇ ಹೊಲಕ್ಕೆ ಹೋಗುತ್ತಿದ್ದಳು. ಮದುವೆ ಮನೆಗೆ ಹೋದರೆ ಸೀರೆಯ ಅಂಚು ಎಳೆದು ಎಳೆದು ಪಾದ ಮುಚ್ಚಿಕೊಂಡು ಮೂಲೆಯಲ್ಲಿ ಕೂಡುತ್ತಿದ್ದಳು.

ಊರ ಮಂದಿ ಕಾರಣ ಹೇಳಿದರು. “ಹಿಂದಿನ ಜನ್ಮದಾಗ ಯಾರಿಗೋ ಕಾಲಿಂದ ಒದ್ದಿರಬೇಕು, ಅದರ ಕರ್ಮ” ಅಂದರು. ಅವ್ವ ಅದನ್ನು ನಂಬಿದಳು. ಸಾಯುವ ತನಕ ನಂಬಿದಳು. ಆ ಕಾಲಿನ ನೋವಿಗಿಂತ ಆ ನಂಬಿಕೆ ಅವಳನ್ನು ಹೆಚ್ಚು ನೋಯಿಸಿತು ಎಂದು ಈಗ ನನಗೆ ಅನಿಸುತ್ತದೆ. ತಾನು ಮಾಡದ, ತನಗೆ ನೆನಪೇ ಇಲ್ಲದ ಒಂದು ಪಾಪಕ್ಕಾಗಿ ಅವಳು ಮೂವತ್ತು ವರ್ಷ ತಲೆ ತಗ್ಗಿಸಿದಳು.

ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಹಿಂದಿನ ಜನ್ಮದ ಕರ್ಮದ ವಾದವನ್ನು ಯಾಕೆ ಅಷ್ಟು ಖಂಡಿತವಾಗಿ ತಳ್ಳಿಹಾಕಿದರು ಎಂಬುದು ನನಗೆ ಪುಸ್ತಕದಿಂದ ಅರ್ಥವಾದದ್ದು ಕಡಿಮೆ, ಅವ್ವನ ಕಾಲಿನಿಂದ ಅರ್ಥವಾದದ್ದು ಹೆಚ್ಚು. ಆ ವಾದ ನೊಂದವನಿಗೇ ತಪ್ಪು ಹೊರಿಸುತ್ತದೆ. ನಿಜವಾದ ಕಾರಣವನ್ನು ಹುಡುಕದಂತೆ ಕಣ್ಣು ಕಟ್ಟುತ್ತದೆ.

ಹಾಗಾದರೆ ನಿಜವಾದ ಕಾರಣ ಏನಿತ್ತು? ನೂಲಿನ ಎಳೆಯಂತಹ ಒಂದು ಹುಳು. ಹೆಣ್ಣು ಹುಳು ಸುಮಾರು 8ರಿಂದ 10 ಸೆಂಟಿಮೀಟರ್ ಉದ್ದ. ಅದು ನಮ್ಮ ದುಗ್ಧನಾಳಗಳಲ್ಲಿ ಮನೆ ಮಾಡಿಕೊಂಡು ವರ್ಷಗಟ್ಟಲೆ ಬದುಕುತ್ತದೆ, ಲಕ್ಷಗಟ್ಟಲೆ ಮರಿ ಹಾಕುತ್ತದೆ. ಆ ಮರಿಗಳು ಹಗಲು ಒಳಗೆ ಅಡಗಿದ್ದು ರಾತ್ರಿ ರಕ್ತದಲ್ಲಿ ತಿರುಗುತ್ತವೆ. ರಾತ್ರಿ ಕಚ್ಚುವ ಕ್ಯೂಲೆಕ್ಸ್ ಸೊಳ್ಳೆ ರಕ್ತದ ಜೊತೆ ಮರಿಗಳನ್ನೂ ಹೀರುತ್ತದೆ. ಸೊಳ್ಳೆಯ ಮೈಯಲ್ಲಿ ಹತ್ತು ಹನ್ನೆರಡು ದಿನ ಬೆಳೆದು ಅವು ಇನ್ನೊಬ್ಬರ ಮೈ ಸೇರುತ್ತವೆ. ಆ ಸೊಳ್ಳೆ ಹುಟ್ಟುವುದು ಕೊಳಕು ನೀರು ನಿಂತಲ್ಲಿ. ಊರಿನ ಚರಂಡಿ ಎಲ್ಲಿಗೆ ಬಂದು ನಿಲ್ಲುತ್ತದೆ? ನಮ್ಮ ಕೇರಿಯ ಬಾಯಿಗೆ.

ನೋಡಿ, ಇದು ಪಟಿಚ್ಚಸಮುಪ್ಪಾದ. ಇದು ಇದ್ದರೆ ಅದು ಇರುತ್ತದೆ, ಇದು ಇಲ್ಲವಾದರೆ ಅದೂ ಇಲ್ಲವಾಗುತ್ತದೆ. ಜಾತಿ ನಮ್ಮ ಮನೆಗಳನ್ನು ಊರ ತಗ್ಗಿಗೆ ತಳ್ಳಿತು. ತಗ್ಗಿಗೆ ಚರಂಡಿ ಬಂತು, ಚರಂಡಿಯಿಂದ ಸೊಳ್ಳೆ ಬಂತು, ಸೊಳ್ಳೆಯಿಂದ ಹುಳು ಬಂತು, ಹುಳುವಿನಿಂದ ಅವ್ವನ ಕಾಲು ಬಾತಿತು. ಈ ಸರಪಳಿಯಲ್ಲಿ ಹಿಂದಿನ ಜನ್ಮಕ್ಕೆ ಎಲ್ಲೂ ಜಾಗವಿಲ್ಲ. ಪ್ರತಿಯೊಂದು ಕೊಂಡಿಯೂ ಈ ಜನ್ಮದ್ದು. ಆದ್ದರಿಂದ ಪ್ರತಿಯೊಂದು ಕೊಂಡಿಯನ್ನೂ ಈ ಜನ್ಮದಲ್ಲೇ ಮುರಿಯಬಹುದು.

ಈ ಕೊಂಡಿಗಳನ್ನು ಒಬ್ಬೊಬ್ಬರು ಒಂದೊಂದಾಗಿ ಬಿಡಿಸಿದರು. 1872ರಲ್ಲಿ ಕಲ್ಕತ್ತದಲ್ಲಿ ತಿಮೋತಿ ಲೂಯಿಸ್ ಎಂಬ ವೈದ್ಯ ಮನುಷ್ಯರ ರಕ್ತದಲ್ಲಿ ಈ ಮರಿಗಳನ್ನು ಕಂಡರು. 1877ರಲ್ಲಿ ಚೀನಾದ ಅಮಾಯ್ ಊರಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವು ಸೊಳ್ಳೆಯ ಮೈಯಲ್ಲಿ ಬೆಳೆಯುವುದನ್ನು ತೋರಿಸಿದರು. ದುಃಖ ಏನು, ಅದರ ಕಾರಣ ಏನು ಎನ್ನುವ ಎರಡು ಸತ್ಯಗಳು ಸಿಕ್ಕವು. ಮೂರನೆಯದು, ಅಂದರೆ ಇದಕ್ಕೆ ಕೊನೆ ಉಂಟು ಎಂಬ ಸತ್ಯ ಸಿಗಲು ಇನ್ನೂ 70 ವರ್ಷ ಬೇಕಾಯಿತು. ಅದನ್ನು ಕೈಗೆ ಕೊಟ್ಟವರಲ್ಲಿ ಮುಖ್ಯರಾದ ಒಬ್ಬರ ಬಾಳನ್ನು ಇವತ್ತು ನೆನೆಯೋಣ. ಅವರು ದೂರದವರಲ್ಲ, ನಮ್ಮ ಪಕ್ಕದ ತೆಲುಗು ನಾಡಿನವರು. ಡಾ. ಯೆಲ್ಲಾಪ್ರಗಡ ಸುಬ್ಬರಾವ್.

ಅವರು ಹುಟ್ಟಿದ್ದು 1895ರ ಜನವರಿ 12ರಂದು, ಗೋದಾವರಿ ಸೀಮೆಯ ಭೀಮವರಂನಲ್ಲಿ, ಬಡ ಬ್ರಾಹ್ಮಣ ಕುಟುಂಬದಲ್ಲಿ. ಓದಿನಲ್ಲಿ ಚುರುಕಿನ ಹುಡುಗ ಅಂತ ಯಾರೂ ಹೇಳುವ ಹಾಗಿರಲಿಲ್ಲ. ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ ಮೂರನೇ ಸಲ ಪಾಸಾದರು. ನಮ್ಮ ಮಕ್ಕಳಿಗೆ ಈ ಮಾತನ್ನು ಗಟ್ಟಿಯಾಗಿ ಓದಿ ಹೇಳಿ.

ಮುಂದೆ ಅವರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಸ್ಪ್ರೂ ಎಂಬ ಕಾಯಿಲೆ: ಭೇದಿ ನಿಲ್ಲದೆ, ಉಂಡದ್ದು ಮೈಗೆ ಹತ್ತದೆ, ಮನುಷ್ಯ ಸೊರಗಿ ಸಾಯುವುದು. ಆಗ ಅದಕ್ಕೆ ಮದ್ದು ಇರಲಿಲ್ಲ. ಇದು ವಿಧಿ ಎಂದು ಸುಬ್ಬರಾವ್ ಸುಮ್ಮನಾಗಲಿಲ್ಲ. ಇದಕ್ಕೆ ಕಾರಣ ಏನು ಎಂಬ ಪ್ರಶ್ನೆಯನ್ನು ಬಾಳಿನುದ್ದಕ್ಕೂ ಹೊತ್ತುಕೊಂಡು ತಿರುಗಿದರು.

ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದುವಾಗ ಗಾಂಧಿಯವರ ಕರೆಗೆ ಓಗೊಟ್ಟು ಖಾದಿ ಗೌನ್ ತೊಟ್ಟು ಶಸ್ತ್ರಚಿಕಿತ್ಸೆ ವಿಭಾಗಕ್ಕೆ ಹೋದರು. ಬ್ರಿಟಿಷ್ ಪ್ರಾಧ್ಯಾಪಕರು ಸಿಟ್ಟಾದರು. ಕೊನೆಗೆ ಪೂರ್ಣ ಎಂಬಿಬಿಎಸ್ ಪದವಿ ಸಿಗದೆ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಪ್ರಮಾಣಪತ್ರವಷ್ಟೇ ಸಿಕ್ಕಿತು. ಮಾವನ ಹಣ, ದಾನ ಸಂಸ್ಥೆಯೊಂದರ ನೆರವು ಕೂಡಿಸಿಕೊಂಡು 1922ರಲ್ಲಿ ಅಮೆರಿಕದ ಬಾಸ್ಟನ್ ಸೇರಿದರು. ಅದೇ ಕಾಲಕ್ಕೆ ನಮ್ಮ ಬಾಬಾಸಾಹೇಬರು ಲಂಡನ್ನಿನಲ್ಲಿ ಅರೆಹೊಟ್ಟೆಯಲ್ಲಿ ಓದುತ್ತಿದ್ದರು ಎಂಬುದನ್ನೂ ನೆನಪಿಡಿ.

ಬಾಸ್ಟನ್ನಿನಲ್ಲಿ ಸುಬ್ಬರಾವ್ ಹಗಲು ಹಾರ್ವರ್ಡಿನಲ್ಲಿ ಓದಿದರು. ರಾತ್ರಿ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ಎತ್ತುವ, ತೊಳೆಯುವ ಕೆಲಸ ಮಾಡಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ವಿನಯ ಪಿಟಕದಲ್ಲಿ ಬರುವ ಪ್ರಸಂಗ ನಿಮಗೆಲ್ಲ ಗೊತ್ತು. ಭೇದಿಯಾಗಿ ತನ್ನ ಮಲದಲ್ಲೇ ಬಿದ್ದಿದ್ದ ಒಬ್ಬ ಭಿಕ್ಕುವನ್ನು ಯಾರೂ ನೋಡುತ್ತಿರಲಿಲ್ಲ. ಭಗವಾನ್ ಬುದ್ಧರು ಆನಂದನಿಂದ ನೀರು ತರಿಸಿದರು, ತಮ್ಮ ಕೈಯಿಂದಲೇ ನೀರು ಸುರಿದರು, ಆನಂದ ಮೈ ತೊಳೆದ, ಇಬ್ಬರೂ ಸೇರಿ ಅವನನ್ನು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಭಿಕ್ಕುಗಳನ್ನು ಕರೆದು, ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂಬ ಅರ್ಥದ ಮಾತು ಹೇಳಿದರು. ಮಲ ಮುಟ್ಟಿದರೆ ಮನುಷ್ಯ ಕೀಳಾಗುವುದಿಲ್ಲ. ಇದು ಧಮ್ಮ.

ಆದರೆ ಒಂದು ವ್ಯತ್ಯಾಸವನ್ನು ನಾವು ಮರೆಯಬಾರದು. ಸುಬ್ಬರಾವ್ ಬೆಳಗಾದರೆ ಆ ಪಾತ್ರೆ ಕೆಳಗಿಟ್ಟು ಪ್ರಯೋಗಾಲಯಕ್ಕೆ ಹೋಗಬಹುದಿತ್ತು. ನಮ್ಮ ಹಿರಿಯರಿಗೆ ತಲೆಯ ಮೇಲಿನ ಬುಟ್ಟಿಯನ್ನು ಕೆಳಗಿಡುವ ಹಕ್ಕೇ ಇರಲಿಲ್ಲ. ಅವರಿಗೆ ಅದು ಓದಿಗಾಗಿ ಮಾಡಿದ ದುಡಿಮೆ. ನಮ್ಮವರಿಗೆ ಹುಟ್ಟಿನಿಂದ ಹೊರಿಸಿದ ಶಿಕ್ಷೆ. ಇದನ್ನು ಹೇಳುವುದು ಅವರ ಶ್ರಮವನ್ನು ಸಣ್ಣದು ಮಾಡಲಿಕ್ಕಲ್ಲ. ಒಬ್ಬ ಮನುಷ್ಯನಿಗೆ ಬುಟ್ಟಿ ಕೆಳಗಿಡುವ ಅವಕಾಶ ಸಿಕ್ಕರೆ ಏನೆಲ್ಲ ಆಗಬಹುದು ಎಂದು ತಿಳಿಯಲಿಕ್ಕೆ. ನಮ್ಮ ಕೇರಿಗಳಲ್ಲಿ ಎಷ್ಟು ಸುಬ್ಬರಾವ್‌ಗಳು ಬುಟ್ಟಿಯ ಕೆಳಗೇ ಮುಗಿದುಹೋದರೋ.

ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕ್ ಎಂಬವರ ಜೊತೆ ಸೇರಿ ರಕ್ತ ಮತ್ತು ಮೂತ್ರದಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. ಫಿಸ್ಕ್–ಸುಬ್ಬರಾವ್ ವಿಧಾನ ಎಂದು ಅದನ್ನು ಜೀವರಸಾಯನದ ವಿದ್ಯಾರ್ಥಿಗಳು ಇವತ್ತಿಗೂ ಓದುತ್ತಾರೆ. ಅದೇ ದಾರಿಯಲ್ಲಿ ಮುಂದೆ ಹೋಗಿ ಸ್ನಾಯುಗಳಲ್ಲಿ ಶಕ್ತಿ ಕೂಡಿಡುವ ಫಾಸ್ಫೋಕ್ರಿಯೇಟಿನ್ ಕಂಡರು, 1929ರಲ್ಲಿ ಎಟಿಪಿ ಎಂಬ ವಸ್ತುವಿನ ಬಗ್ಗೆ ಪ್ರಕಟಿಸಿದರು. ಜರ್ಮನಿಯಲ್ಲಿ ಕಾರ್ಲ್ ಲೋಹ್ಮನ್ ಕೂಡ ಅದೇ ವರ್ಷ ಅದನ್ನು ಕಂಡರು. ನೀವು ಈಗ ಮೊಬೈಲ್ ಹಿಡಿದು ಬೆರಳು ಆಡಿಸುತ್ತಿದ್ದೀರಲ್ಲ, ಆ ಬೆರಳಿಗೆ ಬಲ ಕೊಡುತ್ತಿರುವುದು ಅದೇ ಎಟಿಪಿ.

ಇಷ್ಟೆಲ್ಲ ಆದರೂ ಹಾರ್ವರ್ಡಿನಲ್ಲಿ ಅವರಿಗೆ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಪ್ರಯೋಗಾಲಯ ಸೇರಿದರು, ಅಲ್ಲಿ ಸಂಶೋಧನೆಯ ಮುಖ್ಯಸ್ಥರಾದರು. ಉಳಿದದ್ದು ಎಂಟು ವರ್ಷದ ಬಾಳು. ಆ ಎಂಟು ವರ್ಷದಲ್ಲಿ ಆದದ್ದನ್ನು ನೋಡಿ.

1945ರಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸಿತು. ಸಹೋದರರನ್ನು ಕೊಂದ ಸ್ಪ್ರೂ ಕಾಯಿಲೆಗೆ ಅದೇ ಮದ್ದಾಯಿತು. ಇವತ್ತು ನಮ್ಮ ಓಣಿಯ ಬಸುರಿ ಹೆಣ್ಣುಮಕ್ಕಳಿಗೆ ಆಶಾ ತಂಗಿ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ ಇರುವುದೂ ಅದೇ ಫೋಲಿಕ್ ಆಮ್ಲ. ಆ ಆಮ್ಲದ ಕೆಲಸವನ್ನು ತಡೆಯುವ ಅಮಿನೊಪ್ಟೆರಿನ್ ಎಂಬ ಮದ್ದನ್ನೂ ಅವರ ತಂಡವೇ ಮಾಡಿತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೆ ಕೊಟ್ಟು 1948ರಲ್ಲಿ ಫಲಿತಾಂಶ ಪ್ರಕಟಿಸಿದರು. 16 ಮಕ್ಕಳಲ್ಲಿ 10 ಮಕ್ಕಳಿಗೆ ಕೆಲವು ಕಾಲವಾದರೂ ರೋಗ ಹಿಂಜರಿಯಿತು. ಕ್ಯಾನ್ಸರಿಗೆ ಮದ್ದು ಕೊಟ್ಟು ನೋಡಬಹುದು ಎಂಬ ದಾರಿ ತೆರೆದವುಗಳಲ್ಲಿ ಅದು ಒಂದು. ಬೆಂಜಮಿನ್ ಡಗ್ಗರ್ ಅವರು ಅದೇ ಪ್ರಯೋಗಾಲಯದಲ್ಲಿ ಆರಿಯೋಮೈಸಿನ್ ಕಂಡರು, ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಔಷಧಿ ಅದು.

1947ರಲ್ಲಿ ಅವರ ತಂಡದಿಂದ ಬಂತು ಡೈಈಥೈಲ್‌ಕಾರ್ಬಮಜೀನ್. ನಾವು ಅದನ್ನು ಡಿಇಸಿ ಮಾತ್ರೆ ಅನ್ನುತ್ತೇವೆ. ಯುದ್ಧದ ಕಾಲದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕದ ಸೈನಿಕರಿಗೆ ಈ ಹುಳು ಅಂಟಿತ್ತು. ಮದ್ದಿನ ಹುಡುಕಾಟ ಜೋರಾಯಿತು. ಒಂದಾದ ಮೇಲೊಂದು ರಾಸಾಯನಿಕವನ್ನು ಇದೇ ಜಾತಿಯ ಹುಳು ಇರುವ ಇಲಿಗಳಿಗೆ ಕೊಟ್ಟು ಪರೀಕ್ಷೆ ಮಾಡಿ, ಸೋತು, ಮತ್ತೆ ಮಾಡಿ, ಕೊನೆಗೆ ರಕ್ತದೊಳಗಿನ ಮರಿಗಳನ್ನು ಇಲ್ಲವಾಗಿಸುವ ವಸ್ತು ಸಿಕ್ಕಿತು. ಸೈನಿಕರಿಗಾಗಿ ಹುಡುಕಿದ ಮದ್ದು ನಮ್ಮ ಗಣಿ ಕೂಲಿಗಳ ಕಾಲಿಗೂ ಮದ್ದಾಯಿತು.

ಮರು ವರ್ಷ, 1948ರ ಆಗಸ್ಟ್‌ನಲ್ಲಿ, ಸುಬ್ಬರಾವ್ ನಿದ್ದೆಯಲ್ಲೇ ತೀರಿಹೋದರು. ವಯಸ್ಸು 53. ಊರಿಗೆ ಒಮ್ಮೆಯೂ ಮರಳಲಿಲ್ಲ. ಹೆಂಡತಿ ಶೇಷಗಿರಿ ಇಲ್ಲೇ ಕಾದು ಉಳಿದರು. ಆ ತಾಯಿಯ ಋಣವನ್ನೂ ಈ ಮಾತ್ರೆಯ ಲೆಕ್ಕದಲ್ಲಿ ಬರೆಯಬೇಕು. ನೊಬೆಲ್ ಬರಲಿಲ್ಲ, ಮಾತ್ರೆಯ ಮೇಲೆ ಹೆಸರು ಇಲ್ಲ. 1995ರಲ್ಲಿ ನಮ್ಮ ಅಂಚೆ ಇಲಾಖೆ ಅವರ ಚೀಟಿ ತಂದಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳು ಆನೆಕಾಲು ರೋಗ ಇರುವ ಜಿಲ್ಲೆಗಳು. 2004ರಿಂದ ದೇಶದಲ್ಲಿ ಇಂಥ ಜಿಲ್ಲೆಗಳಲ್ಲಿ ರೋಗ ಇರಲಿ ಬಿಡಲಿ, ಎಲ್ಲರಿಗೂ ವರ್ಷಕ್ಕೊಮ್ಮೆ ಮಾತ್ರೆ ನುಂಗಿಸುವ ಕಾರ್ಯಕ್ರಮ ನಡೆಯಿತು. ನಮ್ಮ ಮನೆಗೂ ಆಶಾ ತಂಗಿ ಬಂದಳು. “ಸರ್, ನನ್ನ ಮುಂದ ನುಂಗ್ರಿ” ಅಂದಳು. ನಾನು ಶಾಲೆಯ ಮಾಸ್ತರ, ಸ್ವಲ್ಪ ಗತ್ತು. “ಇಟ್ಟು ಹೋಗವ್ವಾ, ಊಟ ಆದ್ಮ್ಯಾಲ ನುಂಗ್ತೀವಿ. ನಮಗೇನ್ ರೋಗ ಆಗ್ಯಾದ?” ಅಂದೆ. ಅವಳು ಇನ್ನೂ ನೂರು ಮನೆ ತಿರುಗಬೇಕಿತ್ತು. ಇಟ್ಟು ಹೋದಳು. ನಾನು ಮಾತ್ರೆಗಳನ್ನು ಗೋಡೆಯ ಗೂಡಿನಲ್ಲಿ, ಬಾಬಾಸಾಹೇಬರ ಫೋಟೋದ ಹಿಂದೆ ಇಟ್ಟೆ. ಮರು ವರ್ಷವೂ ಹಾಗೇ. ಅದರ ಮರು ವರ್ಷವೂ ಹಾಗೇ.

ಆ ದಿನಗಳಲ್ಲೇ ನಾನು ವಿಹಾರದಲ್ಲಿ ಕಾಲಾಮ ಸುತ್ತದ ಮೇಲೆ ಪ್ರವಚನ ಕೊಡುತ್ತಿದ್ದೆ. ಯಾರೋ ಹೇಳಿದರೆಂದು ನಂಬಬೇಡಿ, ಸರ್ಕಾರ ಹೇಳಿದರೂ ನಂಬಬೇಡಿ ಎಂದು ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಆ ಸುತ್ತದ ಅರ್ಧವನ್ನಷ್ಟೇ ನಾನು ಹೇಳುತ್ತಿದ್ದೆ. ಉಳಿದರ್ಧ ಹೀಗಿದೆ: ನೀವೇ ವಿಚಾರಿಸಿ, ನೋಡಿ, ಇದು ಒಳ್ಳೆಯದು, ಇದರಿಂದ ಹಿತವಾಗುತ್ತದೆ ಎಂದು ತಿಳಿದ ಮೇಲೆ ಅದರಂತೆ ನಡೆಯಿರಿ. ನಾನು ವಿಚಾರಿಸಲೂ ಇಲ್ಲ, ನಡೆಯಲೂ ಇಲ್ಲ. ನನ್ನ ಸೋಮಾರಿತನಕ್ಕೆ ಬುದ್ಧರ ಹೆಸರು ಕೊಟ್ಟೆ. ಅವ್ವನ ಕಾಲು ಕಣ್ಣಾರೆ ಕಂಡವನು ನಾನು.

ಒಂದು ರಾತ್ರಿ ಒಂಬತ್ತರ ಮೇಲೆ ಆರೋಗ್ಯ ಇಲಾಖೆಯವರು ಗಾಜಿನ ಪಟ್ಟಿ ಹಿಡಿದು ಓಣಿಗೆ ಬಂದರು. ಮರಿಗಳು ರಾತ್ರಿಯೇ ರಕ್ತಕ್ಕೆ ಬರುವುದರಿಂದ ಈ ಪರೀಕ್ಷೆಯೂ ರಾತ್ರಿಯೇ ಆಗಬೇಕು. ಮನೆಯವರೆಲ್ಲ ಬೆರಳು ಚುಚ್ಚಿಸಿಕೊಂಡೆವು. ಕೆಲವು ದಿನ ಬಿಟ್ಟು ಸುದ್ದಿ ಬಂತು. ನನ್ನ ಮಗನ ರಕ್ತದಲ್ಲಿ ಹುಳುವಿನ ಮರಿ ಇವೆ. ಅವನಿಗೆ ಆಗ ಇಪ್ಪತ್ತೊಂದು ವರ್ಷ. ಕಾಲು ಬಾತಿರಲಿಲ್ಲ, ಜ್ವರ ಇರಲಿಲ್ಲ, ಕಬಡ್ಡಿ ಆಡುತ್ತಿದ್ದ.

ಅವನು ಹನ್ನೆರಡು ದಿನ ಡಿಇಸಿ ನುಂಗಿದ. ಈಗ ಚೆನ್ನಾಗಿದ್ದಾನೆ. ಆ ಹನ್ನೆರಡು ದಿನ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಅವ್ವನ ಬಿರಿದ ಪಾದ ಕಣ್ಣ ಮುಂದೆ ಬರುತ್ತಿತ್ತು. ಗೂಡಿನಲ್ಲಿ ಕೈಹಾಕಿದರೆ ಮೂರು ವರ್ಷದ ಮಾತ್ರೆಗಳು ಧೂಳು ಹಿಡಿದು ಹಾಗೇ ಇದ್ದವು. ಒಬ್ಬ ಮನುಷ್ಯ ಎರಡು ಸಲ ನಪಾಸಾಗಿ, ಸಹೋದರರನ್ನು ಕಳೆದುಕೊಂಡು, ಪರದೇಶದಲ್ಲಿ ಮಲದ ಪಾತ್ರೆ ತೊಳೆದು ಸಾಗಿಸಿದ ದಾರಿ ಸಮುದ್ರ ದಾಟಿ, ಕಲಬುರಗಿ ದಾಟಿ, ಚಿತ್ತಾಪುರದ ನನ್ನ ಮನೆಯ ಗೂಡಿನ ತನಕ ಬಂದಿತ್ತು. ಉಳಿದದ್ದು ಗೂಡಿನಿಂದ ಬಾಯಿಗೆ ಎರಡು ಮೊಳ. ಆ ಎರಡು ಮೊಳದಲ್ಲಿ ನಾನು ಅಡ್ಡ ನಿಂತಿದ್ದೆ.

ಇನ್ನೊಂದು ಮಾತು ಇದಕ್ಕಿಂತ ಭಾರ. ಆ ವರ್ಷಗಳಲ್ಲಿ ನನ್ನ ಮಗನನ್ನು ಕಚ್ಚಿದ ಸೊಳ್ಳೆ ಆಮೇಲೆ ಯಾರ ಮನೆಗೆ ಹೋಯಿತು? ಯಾವ ಕೂಸನ್ನು ಕಚ್ಚಿತು? ಅದು ನನಗೆ ಎಂದಿಗೂ ತಿಳಿಯುವುದಿಲ್ಲ. ದಿನಾ ಪಂಚಶೀಲದಲ್ಲಿ ಜೀವಿಗಳಿಗೆ ಹಿಂಸೆ ಮಾಡೆನೆಂದು ಹೇಳುವ ಬಾಯಿ ನನ್ನದು. ಕೈ ಎತ್ತಿ ಹೊಡೆದರೆ ಮಾತ್ರ ಹಿಂಸೆಯಲ್ಲ, ನುಂಗಬೇಕಾದ ಮಾತ್ರೆ ನುಂಗದೆ ಇದ್ದರೂ ಹಿಂಸೆ ನಡೆದುಹೋಗಬಹುದು.

ನಾವು ಸನ್ನತಿ, ಕನಗನಹಳ್ಳಿಗೆ ಹೋಗಿ ಅಶೋಕ ರಾಜನ ಶಿಲ್ಪದ ಮುಂದೆ ಫೋಟೋ ತೆಗೆಸಿಕೊಳ್ಳುತ್ತೇವೆ. ಅದು ನಮ್ಮದೇ ಭೀಮಾ ತೀರ, ನಮಗೆ ಹೆಮ್ಮೆ ಇರಬೇಕಾದದ್ದೇ. ಗಿರ್ನಾರ್ ಮುಂತಾದ ಕಡೆ ಇರುವ ಅಶೋಕನ ಎರಡನೇ ಬಂಡೆಶಾಸನ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು, ಔಷಧಿಯ ಗಿಡ ಇಲ್ಲದಲ್ಲಿಗೆ ತರಿಸಿ ನೆಡಿಸಿದ್ದನ್ನು ಹೇಳುತ್ತದೆ. ಅಯ್ಯೋ ಪಾಪ ಅಂದರೆ ಕರುಣೆ ಮುಗಿಯಲಿಲ್ಲ. ಗಿಡ ನೆಡಬೇಕು, ಮದ್ದು ಮುಟ್ಟಿಸಬೇಕು. ಮುಟ್ಟಿದ ಮೇಲೆ ತೆಗೆದುಕೊಳ್ಳಲೂ ಬೇಕು.

ಆದ್ದರಿಂದ ಧಮ್ಮ ಬಂಧುಗಳೇ, ಈ ಚಿಂತನೆಯನ್ನು ಓದಿ ‘ಸಾಧು’ ಅಂತ ಕಳಿಸಿ ಸುಮ್ಮನಾಗಬೇಡಿ. ಮೂರು ಕೆಲಸ ಮಾಡೋಣ.

*ಒಂದು.* ಮಾತ್ರೆ ಹಂಚಲು ಬಂದಾಗ ಊಟ ಮಾಡಿ, ಆಶಾ ತಂಗಿಯ ಎದುರಿಗೇ ನುಂಗಿ. ದೊಡ್ಡವರಿಗೆ ಡಿಇಸಿ ಮೂರು ಮಾತ್ರೆ, ಜೊತೆಗೆ ಚೀಪಿ ತಿನ್ನುವ ಅಲ್ಬೆಂಡಝೋಲ್ ಒಂದು. ಮಕ್ಕಳಿಗೆ ವಯಸ್ಸಿನ ಪ್ರಕಾರ ಕಡಿಮೆ. ಕೆಲವು ಕಡೆ ಐವರ್ಮೆಕ್ಟಿನ್ ಕೂಡ ಕೊಡುತ್ತಾರೆ, ಯಾದಗಿರಿಯಲ್ಲಿ ಕೊಟ್ಟಿದ್ದಾರೆ. ಎರಡು ವರ್ಷದೊಳಗಿನ ಕೂಸಿಗೆ, ಬಸುರಿಯರಿಗೆ, ತೀವ್ರ ಕಾಯಿಲೆ ಇರುವವರಿಗೆ ಕೊಡುವುದಿಲ್ಲ. ನುಂಗಿದ ಮೇಲೆ ಕೆಲವರಿಗೆ ಜ್ವರ, ತಲೆನೋವು, ವಾಂತಿ ಬರಬಹುದು. ಹೆಚ್ಚಾಗಿ ಅದು ಒಳಗಿನ ಮರಿಗಳು ಸಾಯುವುದರಿಂದ ಬರುವುದು, ಒಂದೆರಡು ದಿನದಲ್ಲಿ ಹೋಗುತ್ತದೆ. ಜಾಸ್ತಿ ಆದರೆ ಆಸ್ಪತ್ರೆಗೆ ಹೋಗಿ. ಸಂಶಯ ಇದ್ದರೆ ಕೇಳಿ, ಕೇಳಿ ತಿಳಿದು ನುಂಗಿ. ಅದು ಕಾಲಾಮ ಸುತ್ತದ ಪೂರ್ತಿ ಪಾಠ.

*ಎರಡು.* ನಮ್ಮ ನಡುವೆ ಕಾಲು ಬಾತವರು ಇದ್ದರೆ ಅವರನ್ನು ಮೂಲೆಗೆ ಕೂರಿಸಬೇಡಿ. ಬಾತ ಕಾಲನ್ನು ದಿನಾ ಸಾಬೂನು ಹಚ್ಚಿ ತೊಳೆದು, ಬೆರಳ ಸಂದಿ ಮೆತ್ತಗೆ ಒರೆಸಿ ಒಣಗಿಸಿ, ಕೂತಾಗ ಎತ್ತರಕ್ಕೆ ಇಟ್ಟರೆ ಜ್ವರ ಬಂದು ಕೆಂಪಾಗುವುದು ಕಡಿಮೆಯಾಗುತ್ತದೆ. ಇಷ್ಟು ಗೊತ್ತಿದ್ದರೆ ನಾನು ಅವ್ವನ ಕಾಲು ತೊಳೆಯುತ್ತಿದ್ದೆ. ನಿಮಗೆ ಈಗ ಗೊತ್ತಾಯಿತು.

*ಮೂರು.* ಮಾತ್ರೆ ಒಂದು ಕೊಂಡಿಯನ್ನು ಮುರಿಯುತ್ತದೆ, ಚರಂಡಿಯ ಕೊಂಡಿ ಹಾಗೇ ಉಳಿಯುತ್ತದೆ. ಬರುವ ಭಾನುವಾರ ವಂದನೆ ಆದ ಮೇಲೆ ನಮ್ಮ ಓಣಿಯ ನಿಂತ ಚರಂಡಿಯ ಬಗ್ಗೆ ಅರ್ಜಿ ಬರೆದು ಎಲ್ಲರೂ ಸಹಿ ಮಾಡೋಣ. ಶಿಕ್ಷಣ, ಸಂಘಟನೆ, ಹೋರಾಟ ಅಂದರೆ ಇದೂ ಹೌದು.

ಆ ಹುಡುಗನಿಗೆ ನನ್ನ ಉತ್ತರ ಇಷ್ಟೇ. ತಮ್ಮಾ, ಹನ್ನೆರಡು ಕೊಂಡಿ ಬಾಯಿಪಾಠ ಇರಲಿ, ಒಳ್ಳೆಯದೇ. ಆದರೆ ನಿನ್ನ ಮನೆಯ ದುಃಖ ಯಾವ ಕೊಂಡಿಯಿಂದ ಬಂತು ಎಂದು ಹುಡುಕು. ನಿನ್ನ ಕೈಗೆ ಎಟಕುವ ಕೊಂಡಿ ಯಾವುದು ಅಂತ ನೋಡು. ಅದನ್ನು ಇವತ್ತೇ ಮುರಿ.

ನಮ್ಮ ಮನೆಯ ಗೂಡಿನಲ್ಲಿ ಈಗ ಬಾಬಾಸಾಹೇಬರ ಫೋಟೋ ಒಂದೇ ಇದೆ. ಅದರ ಹಿಂದೆ ಏನೂ ಇಲ್ಲ.

ಎಲ್ಲರಿಗೂ ಆರೋಗ್ಯ ಸಿಗಲಿ, ಎಲ್ಲರಿಗೂ ಮಂಗಳವಾಗಲಿ.

ಸಾಧು, ಸಾಧು, ಸಾಧು.
ನಮೋ ಬುದ್ಧಾಯ. ಜೈ ಭೀಮ್.

_ನಿಮ್ಮ ಓಣಿಯ, ನಿಮ್ಮ ಬೀಗರ ಗ್ರೂಪುಗಳಿಗೂ ಕಳಿಸಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿ._